ಮಣ್ಣೋ ಬೆಂಕಿಯೋ: ಕಥೋಲಿಕರ ಅಂತ್ಯಸಂಸ್ಕಾರ, ಹಂತ ಹಂತವಾಗಿ

"ಕಥೋಲಿಕರು ಸುಡಬಹುದಾ?" ಸಾವಾದ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಇದು. ಸುಡಬಹುದು. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ: ಸುಟ್ಟ ಮೇಲೆ ಚಿತಾಭಸ್ಮ ಎಲ್ಲಿಗೆ? ಧರ್ಮಸಭೆಯ (ಕಥೋಲಿಕ ಚರ್ಚಿನ) ಇವತ್ತಿನ ನಿಯಮಗಳಲ್ಲಿ ಹೆಚ್ಚಿನವು ಈ ಎರಡನೇ ಪ್ರಶ್ನೆಯ ಕುರಿತಾದವು. ಬೆಂಕಿಗಿಂತಲೂ, ಸತ್ತವರ ಅವಶೇಷ ನೆಲೆಯಿಲ್ಲದೆ, ಹೆಸರಿಲ್ಲದೆ, ಪ್ರಾರ್ಥನೆಯಿಲ್ಲದೆ ಉಳಿದುಬಿಡುವುದು ಅದಕ್ಕೆ ದೊಡ್ಡ ಚಿಂತೆ. ಹಾಗಾಗಿ ಈ ಬರಹದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದು: ಚಿತಾಗಾರದಲ್ಲಿ ಸಮಯ ಗೊತ್ತುಮಾಡುವ ಮೊದಲು ಭಸ್ಮಕ್ಕೆ ಜಾಗ ಗೊತ್ತುಮಾಡಿ.

ನಿಯಮ ಈಗ ಹೇಳುವುದೇನು

ಧರ್ಮಸಭೆಯ ಕಾನೂನುಗಳ ಸಂಗ್ರಹವಾದ 1983ರ ಕ್ಯಾನನ್ ಕಾನೂನು ಸಂಹಿತೆಯ 1176ನೇ ವಿಧಿಯ ಮೂರನೇ ಭಾಗ ಎರಡು ಮಾತು ಹೇಳುತ್ತದೆ. ಮೃತರನ್ನು ಹೂಳುವ ಭಕ್ತಿಯ ರೂಢಿಯನ್ನು ಉಳಿಸಿಕೊಳ್ಳಿ ಎಂದು ಧರ್ಮಸಭೆ ಮನಸಾರೆ ಶಿಫಾರಸು ಮಾಡುತ್ತದೆ. ದಹನವನ್ನು ನಿಷೇಧಿಸುವುದಿಲ್ಲ, ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕಾಗಿ ಅದನ್ನು ಆರಿಸಿಕೊಂಡಿದ್ದರೆ ಮಾತ್ರ ಒಪ್ಪುವುದಿಲ್ಲ. ಅಂದರೆ ಎರಡೂ ಸರಿಸಮ ಅಲ್ಲ. ಹೂಳುವುದು ಮೇಲು, ದಹನಕ್ಕೆ ಅನುಮತಿ ಇದೆ.

"ಸುಡುವುದು ಪಾಪ" ಎನ್ನುವ ಹಿರಿಯರು ಎಲ್ಲಿಂದಲೋ ತಂದ ಮಾತು ಅದಲ್ಲ. 19ನೇ ಶತಮಾನದ ಯುರೋಪಿನಲ್ಲಿ ದಹನದ ಪರ ನಿಂತವರಲ್ಲಿ ಹಲವರು ಅದನ್ನು ಪುನರುತ್ಥಾನವನ್ನು ಅಲ್ಲಗಳೆಯುವ ಬಾವುಟದಂತೆ ಎತ್ತಿ ಹಿಡಿದಿದ್ದರು. 1886ರಲ್ಲಿ ರೋಮ್ ಅದನ್ನು ನಿಷೇಧಿಸಿತು. 1917ರ ಕಾನೂನು ಸಂಹಿತೆ, ತಮ್ಮ ದೇಹವನ್ನು ಸುಡಬೇಕೆಂದು ಹೇಳಿಟ್ಟವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನೇ ನಿರಾಕರಿಸುತ್ತಿತ್ತು. ಇದು ಸಡಿಲವಾದದ್ದು 1963ರ ಸೂಚನೆಯಿಂದ. ಅದಕ್ಕೂ ಮುಂಚೆ ಧರ್ಮೋಪದೇಶ ಕಲಿತವರು ತಮಗೆ ಕಲಿಸಿದ್ದನ್ನೇ ಹೇಳುತ್ತಿದ್ದಾರೆ. ಅವರೊಂದಿಗೆ ಜಗಳಕ್ಕಿಳಿಯದೆ, ನಿಯಮ ಬದಲಾದದ್ದನ್ನು ಮೆಲ್ಲಗೆ ತಿಳಿಸಿ.

ಎಂಥ ಕಾರಣ ಒಪ್ಪಿತ? ಆರೋಗ್ಯ, ಖರ್ಚು, ಸಾಮಾಜಿಕ ಪರಿಸ್ಥಿತಿ: ಇವನ್ನು 2016ರ ರೋಮಿನ ಸೂಚನೆ ಹೆಸರಿಸಿಯೇ ಹೇಳುತ್ತದೆ. ಹೂಳಲು ಜಾಗ ಸಿಗದಿರುವುದು, ದೂರದ ಊರಿನಿಂದ ದೇಹ ತರಲಾಗದಿರುವುದು ಇಂಥವೇ. ಎಂಥದ್ದು ಒಪ್ಪಿತವಲ್ಲ? ಸಾವೆಂದರೆ ಎಲ್ಲ ಮುಗಿದಂತೆ ಎಂದು ಸಾರಲು, ಸತ್ತವರು ಪ್ರಕೃತಿಯಲ್ಲಿ ಕರಗಿ ಒಂದಾಗುತ್ತಾರೆ ಎಂದು ತೋರಿಸಲು, ದೇಹವೆಂಬ ಸೆರೆಮನೆಯಿಂದ ಆತ್ಮಕ್ಕೆ ಬಿಡುಗಡೆ ಎಂದು ಹೇಳಲು ಆರಿಸಿಕೊಂಡ ದಹನ. ಕ್ರೈಸ್ತರಿಗೆ ದೇಹ ಸೆರೆಮನೆಯಲ್ಲ, ಪವಿತ್ರಾತ್ಮರ ಆಲಯ. ದೀಕ್ಷಾಸ್ನಾನದ ನೀರು ಬಿದ್ದದ್ದು ಆ ಹಣೆಯ ಮೇಲೆ, ಪರಮಪ್ರಸಾದ ಸ್ವೀಕರಿಸಿದ್ದು ಆ ನಾಲಿಗೆ. ಹೂಳುವ ರೂಢಿಯ ಮೇಲೆ ಧರ್ಮಸಭೆಗೆ ಅಷ್ಟು ಪ್ರೀತಿ ಇರುವುದು ಇದಕ್ಕೇ. ಯೇಸುವನ್ನೂ ಹಾಗೆಯೇ ಸಮಾಧಿಯಲ್ಲಿ ಇಟ್ಟಿದ್ದರು. ಸಿಮೆಟ್ರಿ ಎಂಬ ಪದದ ಗ್ರೀಕ್ ಮೂಲದ ಅರ್ಥವೂ ಮಲಗುವ ಜಾಗ ಎಂದೇ.

ಸುಟ್ಟರೆ ದೇವರು ಎಬ್ಬಿಸುವುದು ಹೇಗೆ ಎಂದು ಮನಸ್ಸಿನಲ್ಲೇ ಅಳುಕುವವರಿದ್ದಾರೆ. ದಹನ ಆತ್ಮವನ್ನು ಮುಟ್ಟುವುದಿಲ್ಲ, ದೇವರ ಶಕ್ತಿಗೆ ತಡೆಯೂ ಅಲ್ಲ. ಬೆಂಕಿಯಲ್ಲಿ ಸುಟ್ಟುಹೋದ ರಕ್ತಸಾಕ್ಷಿಗಳೂ ಎದ್ದು ಬರುತ್ತಾರೆಂದೇ ಧರ್ಮಸಭೆ ನಂಬಿದೆ.

ಸಿರೋ ಮಲಬಾರ್‌ನಂಥ ಪೂರ್ವದ ಕಥೋಲಿಕ ಧರ್ಮಸಭೆಗಳಿಗೆ 1990ರ ಪ್ರತ್ಯೇಕ ಸಂಹಿತೆ ಇದೆ. ಅದರ 876ನೇ ವಿಧಿಯೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಹೂಳುವುದೇ ಮೇಲು ಎಂಬುದು ಜನರಿಗೆ ಮರೆಯಬಾರದು, ನೋಡುವವರ ವಿಶ್ವಾಸಕ್ಕೆ ಧಕ್ಕೆಯಾಗಬಾರದು ಎಂದು ಸೇರಿಸುತ್ತದೆ.

ಬದುಕಿರುವಾಗ ಬರೆದಿಡಬೇಕಾದ ಒಂದು ಹಾಳೆ

ಮಕ್ಕಳು ತಮಗೆ ಅನುಕೂಲವೆಂದು ತಂದೆತಾಯಿಯ ದೇಹವನ್ನು ಸುಡುವಂತಿಲ್ಲ. ಮೃತರು ಸ್ಪಷ್ಟವಾಗಿ ಹೇಳಿದ್ದ ಅಥವಾ ಅವರ ಬದುಕಿನಿಂದ ನ್ಯಾಯವಾಗಿ ಊಹಿಸಬಹುದಾದ ಇಚ್ಛೆಯನ್ನು ಮೀರಬಾರದು ಎಂದು 2016ರ ಸೂಚನೆ ಹೇಳುತ್ತದೆ. ಅಣ್ಣ ತಮ್ಮಂದಿರ ನಡುವೆ ವರ್ಷಗಟ್ಟಲೆ ಮಾತು ಬಿಡಿಸುವ ಜಗಳಗಳು ಹುಟ್ಟುವುದು ಈ ಇಚ್ಛೆ ಬಾಯಿಮಾತಿನಲ್ಲೇ ಉಳಿದಾಗ. ಒಂದು ಹಾಳೆ ಸಾಕು. ಹೂಳಬೇಕೋ ದಹನವೋ, ದಹನವಾದರೆ ಭಸ್ಮ ಇಡಬೇಕಾದ ಸ್ಮಶಾನ ಅಥವಾ ಗೂಡು (ಭಸ್ಮದ ಪಾತ್ರೆ ಇಡಲು ಮಾಡಿದ ಚಿಕ್ಕ ಖಾನೆ) ಯಾವುದು, ಅಂತ್ಯಕ್ರಿಯೆಯ ಬಲಿಪೂಜೆ (ಮಾಸ್) ಬೇಕು ಎಂಬ ಮಾತು, ದೀಕ್ಷಾಸ್ನಾನ ಆದ ಧರ್ಮಕೇಂದ್ರ (ಪ್ಯಾರಿಷ್), ಈಗಿನ ಧರ್ಮಕೇಂದ್ರ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಅಂಗದಾನಕ್ಕೆ ಒಪ್ಪಿಗೆ ಇದೆಯೇ. ಕೆಳಗೆ ಸಹಿ, ತಾರೀಕು.

ಇದನ್ನು ವಿಲ್ ಒಳಗೆ ಮಾತ್ರ ಬರೆದಿಡುವುದು ದೊಡ್ಡ ತಪ್ಪು. ವಿಲ್ ತೆರೆಯುವುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ಹಾಳೆಯ ಒಂದು ಪ್ರತಿ ಮನೆಯವರ ಕೈಯಲ್ಲಿ, ಇನ್ನೊಂದು ಧರ್ಮಕೇಂದ್ರದ ಕಚೇರಿಯಲ್ಲಿ ಇರಲಿ. ಮನೆಯಲ್ಲಿ ಬೇರೆ ಧರ್ಮದವರಿದ್ದರೆ, ಮಕ್ಕಳು ವಿಶ್ವಾಸದಿಂದ ದೂರವಾಗಿದ್ದರೆ ಇದು ಇನ್ನೂ ಅಗತ್ಯ. ನಿಮ್ಮ ಪರವಾಗಿ ಆಗ ಮಾತಾಡಲು ಆ ಹಾಳೆಯೊಂದೇ ಇರುತ್ತದೆ.

ಸಾವಿನ ದಿನ

ಯಾವ ಸಂಸ್ಥೆಗಾದರೂ ದುಡ್ಡು ಕಟ್ಟುವ ಮೊದಲು ಧರ್ಮಕೇಂದ್ರದ ಗುರುಗಳಿಗೆ ಫೋನ್ ಮಾಡಿ. ಅಂತ್ಯಸಂಸ್ಕಾರದ ಸಂಸ್ಥೆಯವರು ದಹನದ ಹೊತ್ತನ್ನು ನಿಗದಿ ಮಾಡಿಬಿಟ್ಟರೆ ಬಲಿಪೂಜೆ ಅದಕ್ಕೆ ತಕ್ಕಂತೆ ಅಡ್ಜಸ್ಟ್ ಆಗಬೇಕಾಗುತ್ತದೆ, ಎಷ್ಟೋ ಸಲ ತಪ್ಪಿಯೇ ಹೋಗುತ್ತದೆ. ಇಲ್ಲಿ ಬಲಿಪೂಜೆ ಮೊದಲು ನಿಗದಿಯಾಗಬೇಕು, ಚಿತಾಗಾರ ಆಮೇಲೆ.

ಪ್ರಾಣ ಹೋಗಿದೆಯೋ ಇಲ್ಲವೋ ಎಂಬ ಸಂದೇಹವಿದ್ದರೆ ಗುರುಗಳು ರೋಗಿಗಳ ಅಭ್ಯಂಗ ಸಂಸ್ಕಾರ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು) ಕೊಡುತ್ತಾರೆ. ಸಾವು ಖಚಿತವಾದ ಮೇಲೆ ಕೊಡುವುದಿಲ್ಲ, ಅದು ಬದುಕಿರುವವರಿಗೆ. ಆಗ ಮೃತರಿಗಾಗಿ ಪ್ರಾರ್ಥನೆ ಇದೆ. ಆದ್ದರಿಂದ ಕಾಯಿಲೆ ಉಲ್ಬಣಿಸಿದಾಗಲೇ ಕರೆಸಿ, ಕೊನೆಯ ಉಸಿರಿಗೆ ಕಾಯಬೇಡಿ.

ದಿನ ಆರಿಸುವಾಗ ಪೂಜಾವಿಧಿಯ ಪಂಚಾಂಗ ನೋಡಬೇಕು. ಪವಿತ್ರ ಗುರುವಾರ, ಪಾಸ್ಕದ (ಈಸ್ಟರಿನ) ಮೂರು ದಿನಗಳು, ಆಗಮನ ಕಾಲ, ತಪಸ್ಸು ಕಾಲ ಮತ್ತು ಪಾಸ್ಕ ಕಾಲದ ಭಾನುವಾರಗಳು, ಕಡ್ಡಾಯ ಹಬ್ಬಗಳಾದ ಮಹೋತ್ಸವಗಳು: ಈ ದಿನಗಳಲ್ಲಿ ಅಂತ್ಯಕ್ರಿಯೆಯ ಬಲಿಪೂಜೆ ಇಲ್ಲ. ಅಂದು ಹೂಳಲೇಬೇಕಾದರೆ ಬಲಿಪೂಜೆಯಿಲ್ಲದೆ ದೇವವಾಕ್ಯದ ಪ್ರಾರ್ಥನಾವಿಧಿ ನಡೆಸಿ, ಬಲಿಪೂಜೆಯನ್ನು ಇನ್ನೊಂದು ದಿನ ಇಟ್ಟುಕೊಳ್ಳಬಹುದು. ಸಾಮಾನ್ಯ ಕಾಲದ ಭಾನುವಾರಗಳಂದು ವಿಧಿಯ ತಡೆ ಇಲ್ಲ.

ವಿಧಿಗೆ ಮೂರು ನಿಲುಗಡೆಗಳು: ಮನೆಯಲ್ಲೋ ದೇಹ ಇಟ್ಟ ಜಾಗದಲ್ಲೋ ಜಾಗರಣೆಯ ಪ್ರಾರ್ಥನೆ, ದೇವಾಲಯದಲ್ಲಿ ಬಲಿಪೂಜೆ, ಸಮಾಧಿಯ ಬಳಿ ಕೊನೆಯ ಪ್ರಾರ್ಥನೆ. ಸತ್ತವರ ಗುಣಗಾನ ಮಾಡಬೇಕೆನಿಸಿದರೆ ಜಾಗರಣೆಯ ಹೊತ್ತೇ ಅದಕ್ಕೆ ತಕ್ಕದ್ದು. ಬಲಿಪೂಜೆಯ ಪ್ರಬೋಧನೆ ಶ್ರದ್ಧಾಂಜಲಿ ಭಾಷಣ ಆಗಬಾರದು ಎಂದು ನಿಯಮ ನೇರವಾಗಿ ಹೇಳುತ್ತದೆ. ನೆನಪುಗಳ ಹಾಳೆ ಹಿಡಿದು ಬಂದ ಮಗನಿಗೆ ಪೀಠದ ಮುಂದೆ ಬೇಡವೆನ್ನಬೇಕಾಗಿ ಬಂದರೆ ಎಲ್ಲರಿಗೂ ನೋವು. ಹಿಂದಿನ ದಿನವೇ ಮಾತಾಡಿಕೊಳ್ಳಿ.

ದಹನ ನಿರ್ಧಾರವಾಗಿದ್ದರೆ: ದೇಹದೊಂದಿಗೆ ಬಲಿಪೂಜೆ ಮೊದಲು

ಉತ್ತಮ ಕ್ರಮ ಹೀಗೆ: ಜಾಗರಣೆ, ದೇಹ ಎದುರಿಗಿರುವಾಗ ಬಲಿಪೂಜೆ, ಆಮೇಲೆ ದಹನ, ಬಳಿಕ ಭಸ್ಮವನ್ನು ಸಮಾಧಿಯಲ್ಲಿಡುವ ವಿಧಿ. ಶವಪೆಟ್ಟಿಗೆಗೆ ಹೊದಿಸುವ ಬಿಳಿ ಬಟ್ಟೆ ದೀಕ್ಷಾಸ್ನಾನದ ಉಡುಪಿನ ನೆನಪು. ಪವಿತ್ರ ಜಲ, ಧೂಪ, ಪಾಸ್ಕದ ಮೇಣದಬತ್ತಿ ಎಲ್ಲವೂ ಆ ದೇಹಕ್ಕೆ ಸಲ್ಲುವ ಗೌರವ. ಮೊದಲೇ ಸುಟ್ಟುಬಿಟ್ಟರೆ ಈ ಗುರುತುಗಳಲ್ಲಿ ಕೆಲವು ಅರ್ಥ ಕಳೆದುಕೊಳ್ಳುತ್ತವೆ. ಮನೆಯವರಿಗೂ ಮುಖ ನೋಡಿ ಬೀಳ್ಕೊಡುವ ಹೊತ್ತು ಸಿಗುವುದಿಲ್ಲ. ದುಬಾರಿ ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ. ದಹನಕ್ಕೆ ಒಯ್ಯುವ ಸರಳ ಮರದ ಪೆಟ್ಟಿಗೆಯಲ್ಲೇ ಬಲಿಪೂಜೆ ಆಗಬಹುದು, ಬಿಳಿ ಬಟ್ಟೆ ಹೊದಿಸಿದರೆ ಒಳಗಿನ ಪೆಟ್ಟಿಗೆ ಬಡವರದೋ ಸಿರಿವಂತರದೋ ಕಾಣುವುದಿಲ್ಲ.

ದೇಹ ಒಳಗೆ ಹೋಗುವ ಮುಂಚೆ ಮೂರು ವಿಷಯ ಖಚಿತಪಡಿಸಿಕೊಳ್ಳಿ. ಪೇಸ್‌ಮೇಕರ್ ತೆಗೆಸಿರಬೇಕು, ಅದರ ಬ್ಯಾಟರಿ ಶಾಖಕ್ಕೆ ಸಿಡಿದು ಕುಲುಮೆಗೂ ಕೆಲಸಗಾರರಿಗೂ ಅಪಾಯ. ಲೋಹದ ಶಿಲುಬೆ, ಗಾಜಿನ ಮಣಿಯ ಜಪಸರ, ಉಂಗುರ ಹೊರಗೆ ಬರಬೇಕು. ಗಾಜು ಕರಗಿ ಎಲುಬಿಗೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ಜಪಸರ ಇರಲೇಬೇಕೆಂದರೆ ಮರದ ಮಣಿ, ನೂಲಿನದು ಇಡಿ. ಗುರುತಿನ ಬಿಲ್ಲೆಯ ಸಂಖ್ಯೆ ಕಾಗದದಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಹಲವು ಚಿತಾಗಾರಗಳಲ್ಲಿ ಲೋಹದ ಚಿಕ್ಕ ಬಿಲ್ಲೆಯೊಂದು ದೇಹದೊಂದಿಗೇ ಹೋಗಿ ಭಸ್ಮದೊಂದಿಗೆ ಹಿಂತಿರುಗುತ್ತದೆ.

ಯಾಂತ್ರಿಕ ಕುಲುಮೆಯಲ್ಲಿ ಶಾಖ ಸುಮಾರು 760ರಿಂದ 980 ಡಿಗ್ರಿ ಸೆಲ್ಸಿಯಸ್, ಸಮಯ ಒಂದೂವರೆಯಿಂದ ಮೂರು ಗಂಟೆ. ಉಳಿಯುವುದು ಎಲುಬಿನ ಚೂರುಗಳು. ಲೋಹ ತೆಗೆದು ಅವನ್ನು ಪುಡಿ ಮಾಡುತ್ತಾರೆ. ನಿಮ್ಮ ಕೈಗೆ ಬರುವುದು ಒಲೆಯ ಬೂದಿಯಂಥ ಹಗುರ ಪುಡಿಯಲ್ಲ. ಬಿಳಿಬೂದು ಬಣ್ಣದ, ದಪ್ಪ ಮರಳಿನಂತೆ ಬೆರಳಿಗೆ ತರಿತರಿಯಾಗಿ ತಾಗುವ, ಒಬ್ಬ ವಯಸ್ಕರದಾದರೆ ಸುಮಾರು ಎರಡರಿಂದ ಮೂರು ಕೆಜಿ ತೂಗುವ ಎಲುಬು. ಅದನ್ನು ಕೈಯಲ್ಲಿ ಹಿಡಿದಾಗ, ಧರ್ಮಸಭೆ ಅದನ್ನು ದೇಹದಂತೆಯೇ ನಡೆಸಿಕೊಳ್ಳಿ ಎನ್ನುವುದು ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪಾತ್ರೆಯ ಅಳತೆಗೆ ಸುಲಭ ಲೆಕ್ಕವಿದೆ: ಬದುಕಿದ್ದಾಗಿನ ತೂಕದ ಪ್ರತಿ ಕೆಜಿಗೆ ಸುಮಾರು 36 ಮಿಲಿಲೀಟರ್. 70 ಕೆಜಿಯವರಿಗೆ ಎರಡೂವರೆ ಲೀಟರ್ ಬೇಕು. ವಯಸ್ಕರಿಗೆಂದು ಮಾರುವ ಪಾತ್ರೆಗಳಲ್ಲಿ ಹೆಚ್ಚಿನವು 3.3 ಲೀಟರ್ ಆಸುಪಾಸಿನವು. ಪದೇ ಪದೇ ಆಗುವ ಎಡವಟ್ಟೆಂದರೆ ಅಂದದ ಪಾತ್ರೆ ಮೊದಲು ಕೊಂಡು, ಸ್ಮಶಾನದ ಗೂಡಿನೊಳಗೆ ಅದು ಹಿಡಿಸದೆ ಹೋಗುವುದು. ಗೂಡಿನ ಒಳ ಅಗಲ, ಎತ್ತರ, ಆಳ ಬರೆಸಿಕೊಂಡು ಆಮೇಲೆ ಪಾತ್ರೆ ನೋಡಿ. ವಿಮಾನದಲ್ಲಿ ಒಯ್ಯುವುದಿದ್ದರೆ ಮರದ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿ ಇರಲಿ. ಲೋಹ, ಕಲ್ಲಿನೊಳಗೆ ಎಕ್ಸ್-ರೇ ಕಾಣದೆ ತಪಾಸಣೆಯಲ್ಲೇ ತಡೆಯುತ್ತಾರೆ, ಯಾರೂ ಅಲ್ಲಿ ಮುಚ್ಚಳ ತೆರೆದು ನೋಡಬೇಕಾಗಿ ಬರಬಾರದು. ದಹನದ ಪ್ರಮಾಣಪತ್ರ ಕೈಚೀಲದಲ್ಲಿರಲಿ.

ಭಸ್ಮ ಮೊದಲೇ ಆಗಿಬಿಟ್ಟಿದ್ದರೆ

ದೂರದಲ್ಲಿ ಸಾವಾಗಿ ಭಸ್ಮ ಮಾತ್ರ ಬಂದರೆ ಬಲಿಪೂಜೆ ಇಲ್ಲವೆಂದಲ್ಲ. ಭಸ್ಮವನ್ನು ಪೀಠದ ಮುಂದೆ ಇಟ್ಟು ಅಂತ್ಯಕ್ರಿಯೆಯ ಬಲಿಪೂಜೆ ನಡೆಸುವ ಬಗ್ಗೆ ದೇಶದಿಂದ ದೇಶಕ್ಕೆ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿಯ ನಿಯಮ ಬೇರೆ. ಅಮೆರಿಕಕ್ಕೆ ಈ ಅನುಮತಿ ಸಿಕ್ಕಿದ್ದು 1997ರಲ್ಲಿ. ಗುರುಗಳನ್ನು ಕೇಳಿ. ಅನುಮತಿ ಇರುವಲ್ಲಿ, ಶವಪೆಟ್ಟಿಗೆ ಇರುತ್ತಿದ್ದ ಜಾಗದಲ್ಲಿ ಚಿಕ್ಕ ಮೇಜಿನ ಮೇಲೆ ಯೋಗ್ಯವಾದ ಪಾತ್ರೆ, ಪಕ್ಕದಲ್ಲಿ ಪಾಸ್ಕದ ಮೇಣದಬತ್ತಿ. ಬಿಳಿ ಬಟ್ಟೆ ಹೊದಿಸುವುದಿಲ್ಲ. ಪ್ರಾರ್ಥನೆಯಲ್ಲಿ "ದೇಹ" ಎಂಬಲ್ಲಿ ಅವಶೇಷ ಎಂಬರ್ಥದ ಮಾತು ಬರುತ್ತದೆ. ಚಿತಾಗಾರದವರು ಕೊಟ್ಟ ರಟ್ಟಿನ ಡಬ್ಬಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ತರಬೇಡಿ. ದುಬಾರಿಯದ್ದು ಬೇಡ, ಮುಚ್ಚಳ ಬಿಗಿಯಾಗಿರುವ ಶುಭ್ರವಾದ ಪಾತ್ರೆ ಸಾಕು.

ಭಸ್ಮ ಎಲ್ಲಿಗೆ

ವಿಶ್ವಾಸ ಸಿದ್ಧಾಂತದ ಹೊಣೆ ಹೊತ್ತ ವ್ಯಾಟಿಕನ್ನಿನ ಆಯೋಗ 2016ರಲ್ಲಿ, ಕಾರ್ಡಿನಲ್ ಗೆರ್ಹಾರ್ಡ್ ಮ್ಯುಲ್ಲರ್ ಅವರ ಸಹಿಯೊಂದಿಗೆ ಹೊರಡಿಸಿದ ಸೂಚನೆ ಈ ವಿಷಯದಲ್ಲಿ ಬಹಳ ಸ್ಪಷ್ಟ. ಭಸ್ಮ ಪವಿತ್ರ ಸ್ಥಳದಲ್ಲೇ ಇರಬೇಕು: ಸ್ಮಶಾನ, ದೇವಾಲಯ ಅಥವಾ ಇದಕ್ಕೆಂದೇ ಧರ್ಮಸಭೆ ಮೀಸಲಿಟ್ಟ ಜಾಗ. ಗಾಳಿಯಲ್ಲಿ, ನೆಲದ ಮೇಲೆ, ನೀರಿನಲ್ಲಿ ಚೆಲ್ಲುವಂತಿಲ್ಲ. ಮನೆಯವರು ಹಂಚಿಕೊಳ್ಳುವಂತಿಲ್ಲ. ಲಾಕೆಟ್, ಉಂಗುರ, ನೆನಪಿನ ಕಾಣಿಕೆಗಳಲ್ಲಿ ಸೇರಿಸುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಅನುಮತಿ ಇಲ್ಲ. ಸ್ಥಳೀಯ ಸಂಸ್ಕೃತಿಗೆ ಸಂಬಂಧಿಸಿದ ಗಂಭೀರ, ಅಪರೂಪದ ಸಂದರ್ಭದಲ್ಲಿ ಮಾತ್ರ ಧರ್ಮಾಧ್ಯಕ್ಷರು ತಮ್ಮ ಮಂಡಳಿಯ ಒಪ್ಪಿಗೆಯೊಂದಿಗೆ ವಿನಾಯಿತಿ ಕೊಡಬಹುದು.

ಇದು ಕಠಿಣ ಎನಿಸುವವರು ಒಂದು ತಲೆಮಾರು ಮುಂದೆ ಯೋಚಿಸಬೇಕು. ಅಮ್ಮನ ಭಸ್ಮ ಕಪಾಟಿನಲ್ಲಿ ಇರುವಷ್ಟು ದಿನ ಮಗಳಿಗೆ ಅದು ಅಮ್ಮ. ಮಗಳೂ ಹೋದ ಮೇಲೆ ಮನೆ ಖಾಲಿ ಮಾಡಲು ಬಂದವರಿಗೆ ಅದು ಹೆಸರಿಲ್ಲದ ಒಂದು ಡಬ್ಬಿ. ಸೂಚನೆಯೂ ಇದನ್ನೇ ಎತ್ತಿ ಹೇಳುತ್ತದೆ: ಮೊದಲ ತಲೆಮಾರು ದಾಟಿದ ಮೇಲೆ ಮರೆವು, ಅಗೌರವ ಬರದಂತೆ ಪವಿತ್ರ ಸ್ಥಳ ಕಾಯುತ್ತದೆ. ಸ್ಮಶಾನದಲ್ಲಿದ್ದರೆ ಗುರುತಿಲ್ಲದವರೂ ಹೆಸರು ಓದಿ ಒಂದು ಪ್ರಾರ್ಥನೆ ಹೇಳುತ್ತಾರೆ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರಿಗೆ ಧರ್ಮಸಭೆ ನಿಬಂಧನೆಗಳೊಂದಿಗೆ ಪೂರ್ಣ ದಂಡವಿಮೋಚನೆಯನ್ನೂ (ಪಾಪದ ಫಲವಾದ ದಂಡನೆಯ ಪೂರ್ಣ ಮನ್ನಾ) ಇಟ್ಟಿದೆ, ಅದು ಸಲ್ಲುವುದು ಆ ಮೃತರಿಗೇ. ಮನೆಯ ಕಪಾಟಿಗೆ ಇಂಥ ಸಮುದಾಯ ಇಲ್ಲ.

2023ರ ಡಿಸೆಂಬರಿನಲ್ಲಿ ಇಟಲಿಯ ಬೊಲೊನ್ಯಾದ ಕಾರ್ಡಿನಲ್ ಮತ್ತೆಯೊ ಜುಪ್ಪಿ ಕೇಳಿದ ಎರಡು ಪ್ರಶ್ನೆಗಳಿಗೆ ವ್ಯಾಟಿಕನ್ನಿನ ಅದೇ ಕಚೇರಿ ಉತ್ತರ ಕೊಟ್ಟಿತು. ಹಲವರ ಭಸ್ಮವನ್ನು ಒಟ್ಟಿಗೆ ಸೇರಿಸಿಡುವ ಪವಿತ್ರ ಸ್ಥಳ ಇರಬಹುದು, ಆದರೆ ಪ್ರತಿಯೊಬ್ಬರ ಹೆಸರು ವಿವರ ಅಲ್ಲಿ ದಾಖಲಾಗಬೇಕು. ಎರಡನೆಯದು, ಭಸ್ಮದ ಅತಿ ಚಿಕ್ಕ ಭಾಗವನ್ನು ಮೃತರ ಬದುಕಿಗೆ ಮುಖ್ಯವಾಗಿದ್ದ ಜಾಗದಲ್ಲಿ ಇಡಬೇಕೆಂದು ಮನೆಯವರು ಕೇಳಿದರೆ ಧರ್ಮಸಭೆಯ ಅಧಿಕಾರಿಗಳು ಅದನ್ನು ಪರಿಶೀಲಿಸಬಹುದು. ಉಳಿದದ್ದು ಪವಿತ್ರ ಸ್ಥಳದಲ್ಲಿರಬೇಕು, ಪ್ರಕೃತಿಯಲ್ಲಿ ಲೀನವಾಗುವುದು ಮುಂತಾದ ತಪ್ಪು ತಿಳಿವಳಿಕೆಗೆ ಎಡೆ ಇರಬಾರದು. ಇದನ್ನು ಓದಿ "ಈಗ ಮನೆಯಲ್ಲಿಡಬಹುದಂತೆ" ಎಂಬ ಸುದ್ದಿ ಹಬ್ಬಿತು. ಹಾಗೇನೂ ಹೇಳಿಲ್ಲ. ಅರ್ಜಿಯನ್ನು ಪರಿಗಣಿಸಬಹುದು ಎಂದಿದೆ, ಅಷ್ಟೇ. ಕೇಳದೆ ನೀವೇ ತೆಗೆದಿಟ್ಟುಕೊಳ್ಳುವುದಕ್ಕೆ ಅದು ಆಧಾರವಲ್ಲ.

ಕಡಲನ್ನು ತುಂಬ ಪ್ರೀತಿಸಿದವರ ಮನೆಯವರು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ. ನೀರಿನ ಮೇಲೆ ಭಸ್ಮ ಚೆಲ್ಲುವುದು ಬೇರೆ, ಕಡಲಿನಲ್ಲಿ ಸಮಾಧಿ ಮಾಡುವುದು ಬೇರೆ. ಮುಚ್ಚಿದ, ಭಾರವಾದ, ಯೋಗ್ಯವಾದ ಪಾತ್ರೆಯನ್ನು ಪ್ರಾರ್ಥನೆಯೊಂದಿಗೆ ಇಡಿಯಾಗಿ ಮುಳುಗಿಸುವುದನ್ನು ಅಮೆರಿಕದ ಧರ್ಮಾಧ್ಯಕ್ಷರು ಒಪ್ಪುತ್ತಾರೆ. ಬೇರೆಡೆ ಇರುವವರು ಮೊದಲು ತಮ್ಮ ಧರ್ಮಪ್ರಾಂತ್ಯದಲ್ಲಿ ವಿಚಾರಿಸಬೇಕು. ದೇಹವನ್ನು ಗೊಬ್ಬರವಾಗಿಸುವ, ಕ್ಷಾರದ ದ್ರಾವಣದಲ್ಲಿ ಕರಗಿಸುವ ಹೊಸ ವಿಧಾನಗಳು ದೇಹಕ್ಕೆ ಸಲ್ಲಬೇಕಾದ ಗೌರವಕ್ಕೆ ತಕ್ಕುದಲ್ಲ ಎಂದು ಅದೇ ಧರ್ಮಾಧ್ಯಕ್ಷರ ಸಿದ್ಧಾಂತ ಸಮಿತಿ 2023ರಲ್ಲಿ ಹೇಳಿತು. ಮುಖ್ಯ ಕಾರಣ, ಕೊನೆಗೆ ಒಂದೆಡೆ ಇಟ್ಟು ಗುರುತಿಸಬಹುದಾದಷ್ಟು ಅವಶೇಷ ಉಳಿಯದಿರುವುದು.

ಸಮಾಧಿಯ ಬಳಿ

ಭಸ್ಮಕ್ಕೂ ದೇಹಕ್ಕೂ ವಿಧಿ ಒಂದೇ: ದೇವವಾಕ್ಯ, ಜಾಗದ ಆಶೀರ್ವಾದ, ಒಪ್ಪಿಸುವ ಪ್ರಾರ್ಥನೆ, ಪರಲೋಕ ಪ್ರಾರ್ಥನೆ. ಸ್ಮಶಾನ ಧರ್ಮಸಭೆಯದ್ದಾಗಿರಲೇಬೇಕೆಂದಿಲ್ಲ. ಸಾರ್ವಜನಿಕ ಸ್ಮಶಾನದಲ್ಲಿ ಆಶೀರ್ವದಿಸಿದ ಭಾಗವಿಲ್ಲದಿದ್ದರೆ ಆ ಒಂದು ಗುಂಡಿಯನ್ನೇ ಆಶೀರ್ವದಿಸುತ್ತಾರೆ, 1240ನೇ ವಿಧಿ ಹೇಳುವುದೂ ಅದನ್ನೇ. ಪಾತ್ರೆಯನ್ನು ಮನೆಯವರೇ ಕೈಯಲ್ಲಿ ಹೊತ್ತು ನಡೆಯಲಿ. ಕಾರಿನ ಡಿಕ್ಕಿಯಲ್ಲಿಟ್ಟು ತರಬೇಡಿ. ಹೆಸರು, ಜನನ ಮರಣದ ವರ್ಷ ಕೆತ್ತಿದ ಫಲಕವನ್ನು ಅದೇ ವಾರ ಹೇಳಿಟ್ಟುಬಿಡಿ, ಆಮೇಲೆ ಎಂದದ್ದು ಬಹಳ ಸಲ ಆಗುವುದೇ ಇಲ್ಲ.

ಯಾರಿಗೆ ಇಲ್ಲ, ಯಾರಿಗೆ ಇದೆ

ವಿಶ್ವಾಸಕ್ಕೆ ವಿರುದ್ಧವಾದ ಕಾರಣಕ್ಕೆಂದೇ ದಹನವನ್ನು ಅಥವಾ ಭಸ್ಮ ಚೆಲ್ಲುವುದನ್ನು ಬಹಿರಂಗವಾಗಿ ಕೋರಿದವರಿಗೆ, ಸಾವಿನ ಮುಂಚೆ ಪಶ್ಚಾತ್ತಾಪದ ಸುಳಿವೇನೂ ಇಲ್ಲದಿದ್ದರೆ, 1184ನೇ ವಿಧಿಯಂತೆ ಅಂತ್ಯಸಂಸ್ಕಾರ ಇಲ್ಲ. ಸಂದೇಹವಿದ್ದರೆ ಧರ್ಮಾಧ್ಯಕ್ಷರ ತೀರ್ಮಾನ. ಸುಮ್ಮನೆ ತಿಳಿಯದೆ "ನದಿಗೆ ಬಿಡಿ" ಎಂದವರು ಈ ಗುಂಪಿನವರಲ್ಲ.

ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯಸಂಸ್ಕಾರ ಇಲ್ಲ ಎಂಬ ಭಯ ಇನ್ನೂ ಎಷ್ಟೋ ಮನೆಗಳನ್ನು ಸುಡುತ್ತಿದೆ. ನಿರಾಕರಣೆಯ ಪಟ್ಟಿಯಲ್ಲಿ 1983ರ ಸಂಹಿತೆ ಅವರನ್ನು ಸೇರಿಸಿಲ್ಲ. ಧೈರ್ಯವಾಗಿ ಗುರುಗಳ ಬಳಿ ಹೋಗಿ. ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರಿಗೆ ಅಂತ್ಯಸಂಸ್ಕಾರ ಇದೆ. ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದು ಅದಕ್ಕೆ ಮೊದಲೇ ತೀರಿಹೋದ ಮಗುವಿಗೂ ಧರ್ಮಾಧ್ಯಕ್ಷರ ಅನುಮತಿಯಿಂದ ಆಗುತ್ತದೆ. ಹೊಟ್ಟೆಯಲ್ಲೇ ಹೋದ ಕೂಸನ್ನು ಆಸ್ಪತ್ರೆ ತ್ಯಾಜ್ಯದೊಂದಿಗೆ ಕಳಿಸದಂತೆ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಹೆಸರಿಟ್ಟು, ಚಿಕ್ಕದಾದರೂ ಒಂದು ಸಮಾಧಿ ಮಾಡಿ.

ಅಂಗದಾನ ಪುಣ್ಯದ ಕೆಲಸ. ವೈದ್ಯಕೀಯ ಕಲಿಕೆಗೆ ಇಡೀ ದೇಹ ಕೊಡುವುದೂ ಸರಿ, ಆದರೆ ಕೆಲಸ ಮುಗಿದ ಮೇಲೆ ಅವಶೇಷ ಮನೆಗೆ ಹಿಂತಿರುಗುತ್ತದೆಯೇ, ಅವರೇ ಹೂಳುತ್ತಾರೆಯೇ ಎಂದು ಸಹಿ ಹಾಕುವ ಮುಂಚೆ ಕೇಳಿ. ದೇಹವಿಲ್ಲದೆಯೂ ಮೃತರಿಗಾಗಿ ಬಲಿಪೂಜೆ ಆ ದಿನವೇ ಆಗಬಹುದು.

ಮನೆಯಲ್ಲಿ ಈಗಾಗಲೇ ಭಸ್ಮ ಇದ್ದರೆ

ಹಲವರ ಮನೆಯಲ್ಲಿ ಇದೆ, ಹೇಳಿಕೊಳ್ಳಲು ಸಂಕೋಚ ಪಡುತ್ತಾರೆ. ಹತ್ತಲ್ಲ, ಇಪ್ಪತ್ತು ವರ್ಷವಾಗಿದ್ದರೂ ತಡವಾಗಿಲ್ಲ. ಗುರುಗಳಿಗೆ ಹೇಳಿ, ಬೈಸಿಕೊಳ್ಳುವ ಭಯ ಬೇಡ. ದಹನದ ಪ್ರಮಾಣಪತ್ರ ಹುಡುಕಿ, ಇಲ್ಲದಿದ್ದರೆ ಚಿತಾಗಾರದ ದಾಖಲೆಯಿಂದ ಪ್ರತಿ ಕೇಳಿ, ಅದಿಲ್ಲದೆ ಸ್ಮಶಾನದವರು ಒಳಗೆ ಬಿಡದಿರಬಹುದು. ಮೊದಲೇ ಇರುವ ಕುಟುಂಬದ ಸಮಾಧಿಯಲ್ಲಿ ಪಾತ್ರೆಗೆ ಜಾಗ ಕೊಡುತ್ತಾರೆಯೇ ವಿಚಾರಿಸಿ, ಹೊಸ ಜಾಗಕ್ಕಿಂತ ಅದು ಬಹುತೇಕ ಕಡಿಮೆ ಖರ್ಚಿನದು. ಅಣ್ಣತಮ್ಮಂದಿರು ಹಂಚಿಕೊಂಡಿದ್ದರೆ ಎಲ್ಲರಿಂದಲೂ ತಂದು ಒಂದೇ ಪಾತ್ರೆಗೆ ಸೇರಿಸಿ. ಲಾಕೆಟ್‌ನಲ್ಲಿರುವುದೂ ಬರಲಿ. ಅದಾಗಲೇ ಚೆಲ್ಲಿಬಿಟ್ಟಿದ್ದರೆ ಮತ್ತೆ ಸಂಗ್ರಹಿಸಲು ಆಗುವುದಿಲ್ಲ, ಆದರೆ ಕುಟುಂಬದ ಸಮಾಧಿಯ ಮೇಲೆ ಅವರ ಹೆಸರು ಕೆತ್ತಿಸಬಹುದು, ಅವರಿಗಾಗಿ ಬಲಿಪೂಜೆ ಮಾಡಿಸಬಹುದು. ಭಸ್ಮ ಇಟ್ಟು ಬಂದ ದಿನವೇ ಧರ್ಮಕೇಂದ್ರದ ಕಚೇರಿಗೆ ಹೋಗಿ ಮೃತರ ದಾಖಲೆ ಪುಸ್ತಕದಲ್ಲಿ ಹೆಸರು, ತಾರೀಕು, ಗೂಡಿನ ಸಂಖ್ಯೆ ಬರೆಸಿ. ನಿಮ್ಮ ಮೊಮ್ಮಕ್ಕಳು ಹುಡುಕಿಕೊಂಡು ಬಂದಾಗ ತೆರೆದು ನೋಡುವುದು ಆ ಪುಸ್ತಕವನ್ನೇ.